ಅಪ್ಪನ ಸೋಲಾರ್ ವಾಚ್ ನಿಂತೋಗಿದೆ, "ಮಾಡೆಲ್ ಬಂದ್ ಆಗಿದೆ" ಅಂತಾರೆ, ರಿಪೇರಿ ಆಗತ್ತಾ?

ಪ್ರಶ್ನೆ: ನಮ್ಮಪ್ಪ ಮಸ್ಕತ್‌ನಲ್ಲಿ ಕೆಲ್ಸದಲ್ಲಿದ್ದಾಗ 2005ರಲ್ಲಿ ತಗೊಂಡಿದ್ದ ಸಿಟಿಜನ್ ಇಕೋ-ಡ್ರೈವ್ ವಾಚ್ ಇದು. ಹದಿನಾರು ವರ್ಷ ದಿನಾ ಕಟ್ಟಿದ್ರು, ಒಂದ್ಸಲನೂ ಸೆಲ್ ಹಾಕ್ಸಿಲ್ಲ. ರಿಟೈರ್ ಆಗಿ ಕುಂದಾಪುರಕ್ಕೆ ಬಂದ್ಮೇಲೆ ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಬಿಟ್ಟಿದ್ರು. ಮೂರು ವರ್ಷ ಆದ್ಮೇಲೆ ಮೊನ್ನೆ ತೆಗೆದು ನೋಡಿದ್ರೆ ನಿಂತಿದೆ. ಬಿಸಿಲಿಗಿಟ್ರೆ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಹಾರ್ತಾ ಓಡತ್ತೆ, ರಾತ್ರಿ ಕಳೆಯೋದ್ರೊಳಗೆ ಮತ್ತೆ ನಿಲ್ಲತ್ತೆ. ಒಂದು ಅಂಗಡಿಯಲ್ಲಿ ಈ ಮಾಡೆಲ್ ಬಂದ್ ಆಗಿದೆ, ಪಾರ್ಟ್ ಸಿಗಲ್ಲ, ಹೊಸದು ತಗೊಳ್ಳಿ ಅಂದ್ರು. ಇನ್ನೊಬ್ರು ಮಾಮೂಲಿ ಸೆಲ್ ಹಾಕಿ ಓಡಿಸ್ಕೊಡ್ತೀನಿ, ನೂರೈವತ್ತು ರೂಪಾಯಿ ಅಂದ್ರು. ಹಿಂದಿನ ಮುಚ್ಚಳದ ಮೇಲೆ ಇ100 ಅಂತ ಶುರುವಾಗೋ ನಂಬರ್ ಇದೆ. ಅಪ್ಪ ಬೇರೆ ವಾಚ್ ಕಟ್ಟಲ್ಲ ಅಂತಿದಾರೆ. ಏನು ಮಾಡ್ಲಿ?

ಉತ್ತರ: ಮೊದ್ಲು ಒಂದು ಮಾತು. ಇದನ್ನ ಓದಿ ಮುಗಿಸೋವರೆಗೂ ಆ ನೂರೈವತ್ತು ರೂಪಾಯಿ ಸೆಲ್ ಹಾಕಿಸ್ಬೇಡಿ, ದಯವಿಟ್ಟು. ನಿಮ್ಮ ತಂದೆಯವರ ವಾಚ್ ಸತ್ತಿಲ್ಲ. ನೀವು ಬರ್ದಿರೋ ಲಕ್ಷಣ ನೋಡಿದ್ರೆ ಮಷೀನ್ ಚೆನ್ನಾಗಿದೆ, ಬೆಳಕು ಹಿಡಿಯೋ ಪ್ಲೇಟೂ ಕೆಲ್ಸ ಮಾಡ್ತಿದೆ, ಹೋಗಿರೋದು ಚಾರ್ಜ್ ಹಿಡ್ಕೊಳ್ಳೋ ಒಂದು ಪುಟ್ಟ ಸೆಲ್ ಅಷ್ಟೇ ಅನ್ಸತ್ತೆ. ಅದು ಇವತ್ತಿಗೂ ತಯಾರಾಗ್ತಿರೋ ಸಾಮಾನು. ಅದೊಂದಕ್ಕೋಸ್ಕರ ಹೊಸ ವಾಚ್ ತಗೊಳ್ಳಿ ಅನ್ನೋದು ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ.

ಯಾಕೆ ಇಷ್ಟು ಧೈರ್ಯವಾಗಿ ಹೇಳ್ತಿದೀನಿ ಅಂದ್ರೆ, ನೀವು ಹೇಳಿರೋದ್ರಲ್ಲೇ ಪರೀಕ್ಷೆ ಅರ್ಧ ಮುಗಿದಿದೆ. ಬಿಸಿಲಿಗಿಟ್ರೆ ಓಡತ್ತೆ ಅಂದ್ರೆ ಬೆಳಕಿಂದ ಕರೆಂಟ್ ಹುಟ್ತಾ ಇದೆ, ಆ ಕರೆಂಟಿಗೆ ಮಷೀನ್ ತಿರುಗ್ತಾ ಇದೆ. ರಾತ್ರಿ ನಿಲ್ಲತ್ತೆ ಅಂದ್ರೆ ಹಗಲು ತುಂಬಿದ್ದು ಉಳೀತಿಲ್ಲ. ಬಾವಿಯಲ್ಲಿ ನೀರಿದೆ, ಹಗ್ಗ ಗಟ್ಟಿ ಇದೆ, ಕೊಡ ತೂತಾಗಿದೆ. ಇನ್ನು ಆ ಎರಡೆರಡು ಸೆಕೆಂಡ್ ಹಾರೋದು ಕಾಯಿಲೆ ಅಲ್ಲ, ಅದನ್ನ ಕಂಪನಿಯವ್ರೇ ಬೇಕಂತ ಇಟ್ಟಿರೋದು. ಚಾರ್ಜ್ ಕಮ್ಮಿ ಆದಾಗ ಸೆಕೆಂಡ್ ಮುಳ್ಳು ಒಂದೊಂದೇ ಹೆಜ್ಜೆ ಇಡೋದು ಬಿಟ್ಟು ಎರಡು ಸೆಕೆಂಡಿಗೊಂದು ಸಲ ಎರಡು ಹೆಜ್ಜೆ ಒಟ್ಟಿಗೆ ಹಾರತ್ತೆ, ಟೈಮ್ ಸರಿಯಾಗೇ ತೋರಿಸ್ತಿರತ್ತೆ, ನನ್ನನ್ನ ಬೆಳಕಿಗಿಡಿ ಅಂತ ಕೇಳೋ ರೀತಿ ಅದು. ಪೂರ್ತಿ ನಿಂತು ಮತ್ತೆ ಚಾರ್ಜ್ ಆದ್ಮೇಲೆ ಹಾರೋ ಲಯ ತಪ್ಪಿ ಕುಂಟೋ ಥರ ಓಡಿದ್ರೆ ಅದು ಇನ್ನೊಂದು ಸೂಚನೆ, ನಾನು ಮಧ್ಯ ನಿಂತಿದ್ದೆ, ಟೈಮ್ ಮತ್ತೆ ಸೆಟ್ ಮಾಡಿ ಅಂತ. ಇದು ಗೊತ್ತಿಲ್ದೆ ಎಷ್ಟೋ ಜನ ಮಷೀನ್ ಕೆಟ್ಟಿದೆ ಅಂತ ತಂದುಕೊಡ್ತಾರೆ, ಕೆಲವು ಸಲ ರಿಪೇರಿಯವ್ರೂ ಹಾಗೇ ತಿಳ್ಕೊಂಡು ಮಷೀನ್ ಪೂರ್ತಿ ಬಿಚ್ಚಿ ಹಾಳು ಮಾಡಿರ್ತಾರೆ.

ಒಳಗೆ ಏನಿದೆ ಅಂತ ಸ್ವಲ್ಪ ಹೇಳ್ತೀನಿ, ಅಂಗಡಿಯಲ್ಲಿ ಮಾತಾಡುವಾಗ ಬೇಕಾಗತ್ತೆ. ಸಿಟಿಜನ್‌ನವ್ರು 1976ರಲ್ಲೇ ಬೆಳಕಿಂದ ಓಡೋ ಮುಳ್ಳಿನ ವಾಚ್ ತಂದಿದ್ರು, ಅದ್ರಲ್ಲಿ ಸೋಲಾರ್ ಪ್ಲೇಟ್‌ಗಳು ಡಯಲ್ ಮೇಲೇ ಎದ್ದು ಕಾಣ್ತಿದ್ವು. ಇಕೋ-ಡ್ರೈವ್ ಬಂದಿದ್ದು 1995ರಲ್ಲಿ, ಅದ್ರಲ್ಲಿ ಪ್ಲೇಟ್ ಡಯಲ್ ಕೆಳಗೆ ಹೋಯ್ತು. ಹಾಗಾಗಿ ನಿಮ್ಮ ವಾಚ್‌ನ ಡಯಲ್ ನೋಡೋಕೆ ಮಾಮೂಲಿ ಡಯಲ್ ಥರಾನೇ ಇದ್ರೂ ಅದು ಬೆಳಕನ್ನ ಸ್ವಲ್ಪ ಒಳಗೆ ಬಿಡೋ ವಸ್ತು, ಹಿತ್ತಾಳೆ ತಗಡಲ್ಲ. ಅದ್ರ ಕೆಳಗೆ ಸಿಲಿಕಾನ್ ಪ್ಲೇಟ್, ಅದ್ರ ಕೆಳಗೆ ಮಷೀನ್, ಮಷೀನ್ ಪಕ್ಕದಲ್ಲಿ ಒಂದು ರೀಚಾರ್ಜ್ ಸೆಲ್. ಈ ಸೆಲ್ಲನ್ನ ರಿಪೇರಿಯವ್ರು ಕೆಪಾಸಿಟರ್ ಅಂತ ಕರೀತಾರೆ, ಹಳೇ ಅಭ್ಯಾಸ ಅದು, ನಿಮ್ಮದ್ರಲ್ಲಿರೋದು ಲಿಥಿಯಂ ಜಾತಿಯ ಚಾರ್ಜ್ ಆಗೋ ಸೆಲ್. ನೀವು ಅಂಗಡಿಯಲ್ಲಿ ಕೆಪಾಸಿಟರ್ ಅಂತ ಕೇಳಿದ್ರೂ ಅರ್ಥ ಆಗತ್ತೆ, ಬೇಜಾರಿಲ್ಲ.

ಈ ಸೆಲ್ ಇಪ್ಪತ್ತು ವರ್ಷ ಆದ್ರೂ ನೂರಕ್ಕೆ ಎಂಬತ್ತು ಪಾಲು ಶಕ್ತಿ ಉಳಿಸ್ಕೊಂಡಿರತ್ತೆ ಅಂತ ಕಂಪನಿ ಲೆಕ್ಕ. ದಿನಾ ಕಟ್ಟೋರ ಕೈಯಲ್ಲಿ ಅದು ನಿಜಾನೇ, ನಿಮ್ಮ ತಂದೆ ಹದಿನಾರು ವರ್ಷ ಏನೂ ಮಾಡಿಸ್ದೆ ಓಡಿಸಿದ್ದೇ ಸಾಕ್ಷಿ. ಆದ್ರೆ ಬೀರುವಿನ ಕತ್ತಲಲ್ಲಿ ಮೂರು ವರ್ಷ ಇಟ್ರಲ್ಲ, ಪೆಟ್ಟು ಬಿದ್ದಿದ್ದು ಅಲ್ಲಿ. ಪೂರ್ತಿ ಚಾರ್ಜ್ ಇದ್ರೂ ಈ ಮಷೀನ್‌ಗಳು ಕತ್ತಲಲ್ಲಿ ಸುಮಾರು ಆರು ತಿಂಗಳು ಓಡ್ತಾವೆ, ಆಮೇಲೆ ಸೆಲ್ ತಳ ಮುಟ್ಟತ್ತೆ. ತಳ ಮುಟ್ಟಿದ್ಮೇಲೆ ಎರಡೂವರೆ ವರ್ಷ ಹಾಗೇ ಬಿದ್ದಿದ್ರೆ ಒಳಗಿನ ರಸಾಯನ ಕೆಡತ್ತೆ, ಮತ್ತೆ ಎಷ್ಟು ಬಿಸಿಲು ತೋರಿಸಿದ್ರೂ ಹೆಚ್ಚಾಗಿ ಹಿಡ್ಕೊಳ್ಳಲ್ಲ. ಇದನ್ನ ನಿಮ್ಮ ತಂದೆಯವರ ತಪ್ಪು ಅಂತ ಹೇಳ್ತಿಲ್ಲ ನಾನು. ಜೋಪಾನ ಮಾಡಬೇಕು ಅಂತಾನೇ ಬಟ್ಟೆ ಸುತ್ತಿ ಇಟ್ಟಿದಾರೆ, ಕೀ ಕೊಡೋ ವಾಚಿಗೆ ಅದೇ ಸರಿ, ಸೋಲಾರ್ ವಾಚಿಗೆ ಮಾತ್ರ ಅದು ಉಪವಾಸ ಕೆಡವಿದ ಹಾಗೆ. ಗಲ್ಫ್‌ನಿಂದ ಬಂದ ವಾಚ್‌ಗಳು ಉಡುಪಿ, ಮಂಗಳೂರು, ಭಟ್ಕಳ ಕಡೆ ಮನೆಗಳಲ್ಲಿ ಹೀಗೇ ಬೀರು ಸೇರಿ ನಿಂತಿರೋದು ನಾನು ಎಷ್ಟು ನೋಡಿದೀನೋ ಲೆಕ್ಕ ಇಲ್ಲ, ಹೆಚ್ಚಿನವು ಸೆಲ್ ಬದಲಾಯಿಸಿದ ತಕ್ಷಣ ಎದ್ದು ಓಡಿವೆ.

ಈಗ "ಮಾಡೆಲ್ ಬಂದ್ ಆಗಿದೆ" ಅನ್ನೋ ಮಾತಿಗೆ ಬರೋಣ. ಅಂಗಡಿಯವ್ರು ಸುಳ್ಳು ಹೇಳಿಲ್ಲ, ಆದ್ರೆ ಅರ್ಧ ಹೇಳಿದಾರೆ. ಬಂದ್ ಆಗಿರೋದು ಆ ಕೇಸು, ಆ ಡಯಲ್ಲು, ಆ ಚೈನು ಸೇರಿದ ಒಂದು ಡಿಸೈನ್. ಒಳಗಿರೋ ಮಷೀನಿಗೆ ಬೇರೆ ಹೆಸರು, ಬೇರೆ ಆಯಸ್ಸು. ನೀವು ಮುಚ್ಚಳದ ಮೇಲೆ ಓದಿದ್ರಲ್ಲ ಇ100 ಅಂತ, ಅದೇ ಮಷೀನ್ ನಂಬರು, ಕ್ಯಾಲಿಬರ್ ಅಂತಾರೆ. ಸಿಟಿಜನ್‌ನಲ್ಲಿ ಅಡ್ಡಗೆರೆಗಿಂತ ಮುಂಚೆ ಇರೋ ನಾಲ್ಕು ಅಕ್ಷರ-ಅಂಕೆ ಮಷೀನಿಂದು, ಅಡ್ಡಗೆರೆ ಆದ್ಮೇಲಿರೋದು ಕೇಸಿಂದು. ಇ100 ಅಂದ್ರೆ ವಾರ, ತಾರೀಖು ಎರಡೂ ತೋರಿಸೋ ಮೂರು ಮುಳ್ಳಿನ ಮಷೀನು. ಒಂದೇ ಮಷೀನನ್ನ ಬಟ್ಟೆ ಬೆಲ್ಟಿನ ವಾಚಿಗೂ ಹಾಕಿರ್ತಾರೆ, ಸ್ಟೀಲ್ ಚೈನಿನ ವಾಚಿಗೂ ಹಾಕಿರ್ತಾರೆ, ಹಾಗಾಗಿ ನಿಮ್ಮ ಡಿಸೈನ್ ನಿಂತು ಹೋದ್ರೂ ಅದರ ಅಣ್ಣತಮ್ಮಂದಿರು ಊರು ತುಂಬಾ ಇದಾರೆ. ನೀವು ಅಂಗಡಿಯಲ್ಲಿ ಮಾಡೆಲ್ ಹೆಸರು ಹೇಳಿದ್ರೆ ಕಂಪ್ಯೂಟರ್ ನೋಡಿ ಇಲ್ಲ ಅಂತಾರೆ, ಇ100 ಮಷೀನಿಗೆ ರೀಚಾರ್ಜ್ ಸೆಲ್ ಬೇಕು ಅಂತ ಕೇಳಿದ್ರೆ ಮಾತೇ ಬೇರೆ ಆಗತ್ತೆ. ಕೇಳೋ ರೀತಿ ಒಂದು ಬದಲಾದ್ರೆ ಸಿಗೋ ಉತ್ತರಾನೂ ಬದಲಾಗತ್ತೆ, ಇದನ್ನ ನಾನು ತುಂಬಾ ಸಲ ನೋಡಿದೀನಿ.

ಕೇಸು, ಡಯಲ್ಲು, ಮುಳ್ಳು ಇಂಥವು ಒಡೆದ್ರೆ ಮಾತ್ರ ಬಂದ್ ಆದ ಮಾಡೆಲ್‌ಗೆ ನಿಜವಾದ ಕಷ್ಟ. ಕಂಪನಿಗಳು ಇವನ್ನ ಶಾಶ್ವತವಾಗಿ ಇಟ್ಕೊಳ್ಳಲ್ಲ, ಇನ್ನೊಂದು ಜಪಾನಿ ವಾಚ್ ಕಂಪನಿ ಸೈಕೋದವ್ರು ತಮ್ಮ ಮ್ಯಾನ್ಯುಯಲ್‌ನಲ್ಲೇ ಸಾಮಾನ್ಯವಾಗಿ 7 ವರ್ಷ ಪಾರ್ಟ್ ಇಟ್ಕೊಂಡಿರ್ತೀವಿ ಅಂತ ಬರೀತಾರೆ. ನಿಮ್ಮದು 2005ರದ್ದು, ಆ ಲೆಕ್ಕಕ್ಕೆ ಯಾವತ್ತೋ ದಾಟಿ ಹೋಗಿದೆ. ಆದ್ರೆ ನಿಮಗೆ ಈಗ ಅವ್ಯಾವೂ ಬೇಕಾಗಿಲ್ಲ.

ಆ ನೂರೈವತ್ತು ರೂಪಾಯಿ ಸೆಲ್ ಯಾಕೆ ಬೇಡ ಅಂತ ಬಿಡಿಸಿ ಹೇಳ್ತೀನಿ, ಈ ಇಡೀ ಉತ್ತರದಲ್ಲಿ ನೀವು ಒಂದೇ ಒಂದು ವಿಷಯ ನೆನಪಿಟ್ಕೊಂಡ್ರೂ ಇದನ್ನೇ ಇಟ್ಕೊಳ್ಳಿ. ಇಕೋ-ಡ್ರೈವ್‌ಗಳಲ್ಲಿ ಹೆಚ್ಚಾಗಿ ಬರೋ ರೀಚಾರ್ಜ್ ಸೆಲ್ ಎಂಟಿ621 ಅನ್ನೋದು. ಅದರ ಅಗಲ 6.8 ಮಿಲಿಮೀಟರ್, ದಪ್ಪ 2.1 ಮಿಲಿಮೀಟರ್. ಮಾಮೂಲಿ ಕ್ವಾರ್ಟ್ಜ್ ವಾಚಿಗೆ ಹಾಕೋ ಸಿಲ್ವರ್ ಆಕ್ಸೈಡ್ ಸೆಲ್‌ಗಳಲ್ಲಿ ಎಸ್ಆರ್621 ಅಂತ ಒಂದಿದೆ, 364 ಅಂತ ಕೇಳಿದ್ರೂ ಕೊಡ್ತಾರೆ. ಅದರ ಅಳತೇನೂ ಹೆಚ್ಚುಕಮ್ಮಿ ಇದೇ! ವೋಲ್ಟೇಜೂ ಹತ್ತಿರ ಹತ್ತಿರ, ಎಂಟಿ621 1.5, ಎಸ್ಆರ್621 1.55. ಹಾಗಾಗಿ ಕೂರತ್ತೆ, ಹಾಕಿದ ತಕ್ಷಣ ವಾಚ್ ಟಿಕ್ ಟಿಕ್ ಅಂತ ಓಡತ್ತೆ, ಗಿರಾಕಿಗೆ ಖುಷಿ, ಅಂಗಡಿಯವನಿಗೂ ಖುಷಿ. ಆದ್ರೆ ಡಯಲ್ ಕೆಳಗಿರೋ ಪ್ಲೇಟಿಗೆ ಏನು ಗೊತ್ತು ಒಳಗೆ ಬೇರೆ ಸೆಲ್ ಬಂದು ಕೂತಿದೆ ಅಂತ, ಅದು ಬೆಳಕು ಬಿದ್ದಾಗೆಲ್ಲ ಕರೆಂಟ್ ತಳ್ತಾನೇ ಇರತ್ತೆ. ಚಾರ್ಜ್ ಆಗೋಕೆ ಹುಟ್ಟಿರದ ಸೆಲ್ಲಿಗೆ ದಿನಾ ಚಾರ್ಜ್ ತುಂಬಿದ್ರೆ ಒಳಗೆ ಗ್ಯಾಸ್ ಕಟ್ಟತ್ತೆ, ಉಬ್ಬತ್ತೆ, ಕೊನೆಗೆ ಕ್ಷಾರ ಸೋರತ್ತೆ. ಸೋರಿದ್ದು ಮೊದ್ಲು ಹೋಗೋದು ಸರ್ಕ್ಯೂಟ್ ಮೇಲೆ, ಆಮೇಲೆ ಕಾಯಿಲ್ (ತಾಮ್ರದ ತಂತಿಯ ಸುತ್ತು) ಮೇಲೆ. ಸಿಟಿಜನ್‌ನವ್ರು ತಮ್ಮ ಪುಸ್ತಕದಲ್ಲಿ ಸಿಲ್ವರ್ ಸೆಲ್ ಬಲವಂತವಾಗಿ ಹಾಕಿದ್ರೆ ಅತಿಯಾಗಿ ಚಾರ್ಜ್ ಆಗಿ ಒಡೆಯೋ ಅಪಾಯ ಇದೆ ಅಂತ ಎಚ್ಚರಿಕೆ ಕೊಟ್ಟೇ ಇದಾರೆ.

ನಾನು ಈ ಕೆಲ್ಸಕ್ಕೆ ಬಂದ ಮೊದಮೊದಲು ನನ್ನ ಕೈಯಿಂದಲೇ ಈ ತಪ್ಪು ಆಗಿದೆ. ಒಬ್ಬ ಮೇಷ್ಟ್ರು ಸೋಲಾರ್ ವಾಚ್ ತಂದಿದ್ರು, ಮಗಳ ಮದುವೆ ಹತ್ತಿರ ಇತ್ತು, ಬೇಗ ಓಡ್ಬೇಕು ಅಂದ್ರು, ಅಳತೆ ಸರಿಹೋಯ್ತಲ್ಲ ಅಂತ ಸಿಲ್ವರ್ ಸೆಲ್ ಹಾಕ್ಬಿಟ್ಟೆ. ಎಂಟು ತಿಂಗಳಾದ್ಮೇಲೆ ವಾಪಸ್ ತಂದ್ರು, ಮುಚ್ಚಳ ತೆಗೆದ್ರೆ ಸರ್ಕ್ಯೂಟ್ ಮೇಲೆಲ್ಲ ಹಸಿರು ಪುಡಿ. ನನ್ನ ಗುರುಗಳು ಎಚ್ಎಂಟಿಯಲ್ಲಿ ಕಲಿತು ಬಂದವ್ರು, ಅವ್ರು ಬೈಲಿಲ್ಲ, ಭೂತಗನ್ನಡಿ ಕೈಗೆ ಕೊಟ್ಟು ಇದನ್ನ ಹತ್ತು ನಿಮಿಷ ನೋಡು ಅಂದ್ರು ಅಷ್ಟೇ. ಆ ಮೇಷ್ಟ್ರಿಗೆ ಬೇರೆ ವಾಚ್‌ನಿಂದ ಮಷೀನ್ ತೆಗೆದು ಹಾಕ್ಕೊಟ್ಟೆ, ದುಡ್ಡು ತಗೊಳ್ಳಿಲ್ಲ, ಆದ್ರೂ ಆ ಹಸಿರು ಪುಡಿ ಇವತ್ತಿಗೂ ಕಣ್ಮುಂದೆ ಬರತ್ತೆ. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. (ಅಂದ ಹಾಗೆ 1961ರಲ್ಲಿ ಬೆಂಗಳೂರಿನಲ್ಲಿ ಎಚ್ಎಂಟಿ ವಾಚ್ ಫ್ಯಾಕ್ಟರಿ ಶುರುವಾಗಿದ್ದೇ ಇದೇ ಸಿಟಿಜನ್ ಕಂಪನಿ ಜೊತೆ ಸೇರ್ಕೊಂಡು, ಹಾಗಾಗಿ ನಮ್ಮ ಕಡೆಯ ಹಳೇ ಕೈಗಳಿಗೆ ಸಿಟಿಜನ್ ಮಷೀನ್ ಅಂದ್ರೆ ನೆಂಟರ ಮನೆ ಇದ್ದ ಹಾಗೆ.)

ಸರಿ, ಈಗ ನೀವು ಮಾಡ್ಬೇಕಾಗಿರೋದು. ಸೆಲ್ ಬದಲಾಯಿಸೋಕೆ ಮುಂಚೆ ಇನ್ನೊಂದು ನಾಲ್ಕೈದು ದಿನ ಸರಿಯಾಗಿ ಚಾರ್ಜ್ ಮಾಡಿ ನೋಡಿ, ತಳ ಮುಟ್ಟಿದ ಸೆಲ್ ಅಪರೂಪಕ್ಕೆ ನಿಧಾನವಾಗಿ ಚೇತರಿಸ್ಕೊಳ್ಳೋದೂ ಉಂಟು. ಬೆಳಕಿನ ಲೆಕ್ಕ ಹೇಳ್ತೀನಿ ಕೇಳಿ, ಮನೆಯೊಳಗಿನ ಟ್ಯೂಬ್‌ಲೈಟ್ ಬೆಳಕು ಸುಮಾರು 500 ಲಕ್ಸ್ (ಬೆಳಕು ಅಳೆಯೋ ಮಾನ), ಮೋಡ ಮುಚ್ಚಿದ ಹಗಲು ಹೊರಗೆ 10,000, ನೇರ ಬಿಸಿಲು 1,00,000. ಅಂದ್ರೆ ಹಾಲ್‌ನಲ್ಲಿ ಟಿವಿ ಮೇಲೆ ಇಟ್ಟು ಎರಡು ದಿನ ಕಾದ್ರೆ ಬಿಸಿಲಲ್ಲಿ ಅರ್ಧ ಗಂಟೆ ಇಟ್ಟಷ್ಟೂ ಆಗಲ್ಲ. ನಿಮ್ಮೂರಲ್ಲಿ ಮಳೆಗಾಲ ಆದ್ರೂ ಚಿಂತೆ ಇಲ್ಲ, ಮೋಡದ ಬೆಳಕೇ ಮನೆ ಬೆಳಕಿನ ಇಪ್ಪತ್ತು ಪಟ್ಟು, ಕಿಟಕಿ ಪಕ್ಕ ಗ್ಲಾಸ್ ಮೇಲ್ಮುಖ ಮಾಡಿ ಇಟ್ರೆ ಸಾಕು. ಆದ್ರೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡ್ಬೇಡಿ, ಹೆಂಚಿನ ಮೇಲೂ ಬೇಡ, ಹಳದಿ ಬಲ್ಬಿನ ಹತ್ರಾನೂ ಬೇಡ. 60 ಡಿಗ್ರಿ ದಾಟೋ ಕಡೆ ಚಾರ್ಜ್ ಮಾಡ್ಬಾರ್ದು ಅಂತ ಕಂಪನಿಯೇ ಹೇಳತ್ತೆ, ಅದಕ್ಕೆ ಬೇಕಾಗಿರೋದು ಬೆಳಕು, ಕಾವಲ್ಲ. ಬೆಳಗ್ಗೆ ಎಳೆಬಿಸಿಲಲ್ಲಿ ಒಂದೆರಡು ಗಂಟೆ, ಉಳಿದ ಹೊತ್ತು ಕಿಟಕಿ, ಹೀಗೆ ಐದು ದಿನ. ಐದನೇ ದಿನ ರಾತ್ರಿ ಡ್ರಾಯರ್‌ನಲ್ಲಿಟ್ಟು ಬೆಳಗ್ಗೆ ನೋಡಿ. ಮುಳ್ಳು ಒಂದೊಂದೇ ಸೆಕೆಂಡ್ ನಡೀತಿದ್ರೆ ನಿಮ್ಮ ಅದೃಷ್ಟ. ನಿಂತಿದ್ರೆ ಸೆಲ್ ಮುಗೀತು ಅಂತ ಖಾತ್ರಿ.

ಆಮೇಲೆ ಎಲ್ಲಿಗೆ ಹೋಗೋದು? ನನ್ನ ಅಭಿಪ್ರಾಯ ಕೇಳಿದ್ರೆ ಮೊದ್ಲು ಕಂಪನಿಯ ಸ್ವಂತ ಸರ್ವಿಸ್ ಸೆಂಟರಿಗೇ ಕಳಿಸಿ, ಹತ್ತು ಬ್ರ್ಯಾಂಡ್ ಮಾರೋ ಶೋರೂಮಿಗಲ್ಲ. ಶೋರೂಮಿನವ್ರ ಕೆಲ್ಸ ಮಾರೋದು, ಅವ್ರಿಗೆ ಮಷೀನ್ ನಂಬರ್ ನೋಡಿ ಹುಡುಕೋ ವ್ಯವಧಾನ ಇರಲ್ಲ. ಕಂಪನಿಯವ್ರೇ ಹಾಕಿದ್ರೆ ಸೆಲ್ ಅಸಲಿ, ವಾಶರ್ ಬದಲಾಗತ್ತೆ, ನೀರಿನ ಟೆಸ್ಟ್ ಮಾಡ್ತಾರೆ. ಖರ್ಚು ಸ್ವಲ್ಪ ಹೆಚ್ಚು, ಕಾಯೋದೂ ಇರತ್ತೆ, ಆದ್ರೂ ಇಪ್ಪತ್ತು ವರ್ಷದ ನೆನಪಿರೋ ವಾಚಿಗೆ ಅದು ಯೋಗ್ಯ. ಬರೀ ಮಾಡೆಲ್ ಹೇಳ್ಬೇಡಿ, ಮುಚ್ಚಳದ ಫೋಟೋ ತೆಗೆದು ಕಳಿಸಿ, ಇ100ಕ್ಕೆ ಸೆಲ್ ಮತ್ತು ವಾಶರ್ ಬದಲಾಯಿಸೋಕೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ.

ಅಲ್ಲಿ ಆಗಲ್ಲ ಅಂದ್ರೆ ಊರಿನ ಒಳ್ಳೇ ರಿಪೇರಿಯವ್ರು. ಉಡುಪಿ, ಮಂಗಳೂರಲ್ಲಿ ಹಳಬರು ಇದಾರೆ, ಬೆಂಗಳೂರಿಗೆ ಬರೋದಿದ್ರೆ ಅವೆನ್ಯೂ ರೋಡ್, ಚಿಕ್ಕಪೇಟೆ ಕಡೆ ವಿಚಾರಿಸಿ. ಆ ಮನುಷ್ಯ ಸರಿಯಾದವನಾ ಅಂತ ತಿಳ್ಕೊಳ್ಳೋಕೆ ಒಂದೇ ಪ್ರಶ್ನೆ ಸಾಕು. "ಇದಕ್ಕೆ ಯಾವ ಸೆಲ್ ಹಾಕ್ತೀರಿ?" ಅಂತ ಕೇಳಿ ಸುಮ್ನಿರಿ. ಯಾವುದಾದ್ರೂ ಹಾಕಿದ್ರೆ ಓಡತ್ತೆ ಅಂದ್ರೆ ವಾಚ್ ತಗೊಂಡು ಎದ್ದು ಬನ್ನಿ. ಇದು ಸೋಲಾರು, ಕೆಪಾಸಿಟರ್ ತರಿಸ್ಬೇಕು, ಪಟ್ಟಿ ಇರೋದೇ ಬೇಕು, ಒಂದು ವಾರ ಟೈಮ್ ಕೊಡಿ ಅಂದ್ರೆ ಕೂತ್ಕೊಂಡು ಮಾತಾಡಿ.

ಪಟ್ಟಿ ಅಂದ್ನಲ್ಲ, ಅದೊಂದು ವಿಷಯ ಇದೆ. ಈ ಸೆಲ್ ಬರೀ ಗುಂಡಿ ಥರ ಬರಲ್ಲ, ಅದರ ಮೇಲೆ ತೆಳ್ಳನೆ ಲೋಹದ ಪಟ್ಟಿ ಬೆಸೆದಿರ್ತಾರೆ, ಆ ಪಟ್ಟಿ ಮಷೀನಿನ ಸ್ಕ್ರೂ ಜಾಗಕ್ಕೆ ಅಥವಾ ಕಾಂಟ್ಯಾಕ್ಟಿಗೆ ಕರೆಕ್ಟಾಗಿ ಕೂರ್ಬೇಕು. ಒಳಗಿನ ಸೆಲ್ ಒಂದೇ ಎಂಟಿ621 ಆದ್ರೂ ಪಟ್ಟಿಯ ಆಕಾರ ಬದಲಾದ ಹಾಗೆ ಸಿಟಿಜನ್‌ನವ್ರು ಬೇರೆ ಬೇರೆ ಪಾರ್ಟ್ ನಂಬರ್ ಕೊಟ್ಟಿದಾರೆ, ಎಲ್ಲವೂ 295ರಿಂದ ಶುರುವಾಗ್ತವೆ. ನಿಮ್ಮ ಕ್ಯಾಲಿಬರ್‌ಗೆ ಯಾವ 295 ಅಂತ ಕಂಪನಿಯ ಟೆಕ್ನಿಕಲ್ ಶೀಟಿನಲ್ಲಿ ಇರತ್ತೆ, ಕ್ಯಾಲಿಬರ್ ನಂಬರ್ ಹೇಳಿದ್ರೆ ಪಾರ್ಟ್ ಮಾರೋರೂ ನೋಡಿ ಕೊಡ್ತಾರೆ. ಕೆಲವರು ಪಟ್ಟಿ ಇಲ್ಲದ ಸೆಲ್ ತಗೊಂಡು ಹಳೇ ಪಟ್ಟಿ ಕಿತ್ತು ಸಾಲ್ಡರ್ ಮಾಡೋಕೆ ಹೋಗ್ತಾರೆ. ಅದು ಬೇಡವೇ ಬೇಡ, ಇಷ್ಟು ಚಿಕ್ಕ ಲಿಥಿಯಂ ಸೆಲ್ ಸಾಲ್ಡರ್ ಕಾವಿಗೆ ಅಲ್ಲೇ ಸತ್ತೋಗತ್ತೆ, ಇಲ್ಲಾ ಸಿಡಿಯತ್ತೆ. ಬೆಲೆ ಮಾಮೂಲಿ ಸೆಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇರತ್ತೆ, ಅದು ಸಹಜ, ತುಂಬಾ ಅಗ್ಗಕ್ಕೆ ಸಿಕ್ರೆ ಅನುಮಾನ ಪಡಿ, ವರ್ಷಗಟ್ಟಲೆ ಗೋಡೌನ್‌ನಲ್ಲಿ ಬಿದ್ದು ಹಳಸಿದ್ದಿರಬಹುದು, ನಿಮ್ಮ ಅಪ್ಪನ ಬೀರುವಿನ ಕಥೆನೇ ಅಲ್ಲೂ ನಡೆದಿರತ್ತೆ.

ನೀವೇ ಮನೆಯಲ್ಲಿ ಹಾಕ್ಬಹುದಾ ಅಂತ ಮುಂದೆ ಕೇಳಬಹುದು. ಕೈ ಸ್ಥಿರ ಇದ್ದು ಮುಚ್ಚಳ ತೆಗೆಯೋ ಕೀ, ಪ್ಲಾಸ್ಟಿಕ್ ಚಿಮಟ, ಭೂತಗನ್ನಡಿ ಎಲ್ಲಾ ಇದ್ರೆ ಆಗತ್ತೆ, ಆದ್ರೆ ನಿಮ್ಮ ವಾಚಿಗೆ ನಾನು ಬೇಡ ಅಂತೀನಿ. ಸೆಲ್ ಪಕ್ಕದಲ್ಲೇ ಕಾಯಿಲ್ ಇರತ್ತೆ, ಕೂದಲಿಗಿಂತ ತೆಳ್ಳನೆ ತಾಮ್ರದ ತಂತಿ ಸಾವಿರಾರು ಸುತ್ತು, ಸ್ಕ್ರೂಡ್ರೈವರ್ ಒಂದ್ಸಲ ಜಾರಿದ್ರೆ ತಂತಿ ಕಟ್ಟಾಗಿ ಈಗ ಚೆನ್ನಾಗಿರೋ ಮಷೀನ್ ನಿಜವಾಗ್ಲೂ ಸಾಯತ್ತೆ. ಅಪ್ಪನ ವಾಚ್ ಮೇಲೆ ಕೈ ಪಳಗಿಸ್ಕೊಳ್ಳೋದು ಬೇಡ.

ಮುಚ್ಚಳ ತೆಗೆದಾಗ ಜೊತೆಗೆ ಮಾಡಿಸ್ಲೇಬೇಕಾದ್ದು ವಾಶರ್. ಮುಚ್ಚಳದ ಕೆಳಗಿರೋ ರಬ್ಬರ್ ಬಳೆ ಇಪ್ಪತ್ತು ವರ್ಷಕ್ಕೆ ಚಪ್ಪಟೆಯಾಗಿ ಗಟ್ಟಿಯಾಗಿರತ್ತೆ, ಅದನ್ನೇ ವಾಪಸ್ ಹಾಕಿ ಮುಚ್ಚಿದ್ರೆ ಕರಾವಳಿಯ ಉಪ್ಪುಗಾಳಿ, ಬೆವರು, ಮಳೆ ಎಲ್ಲಾ ಒಳಗೆ. ಹೊಸ ವಾಶರ್, ಮೇಲೆ ತೆಳ್ಳಗೆ ಸಿಲಿಕೋನ್ ಗ್ರೀಸು, ಕೀ ಹತ್ರ ಇರೋ ಚಿಕ್ಕ ವಾಶರ್‌ಗೂ ಒಂಚೂರು. ಮುಚ್ಚಳದ ಮೇಲೆ 5 ಬಾರ್, 10 ಬಾರ್ ಅಂತ ನೀರಿನ ಒತ್ತಡ ತಡೆಯೋ ಲೆಕ್ಕ ಏನೇ ಬರ್ದಿರ್ಲಿ, ಪ್ರೆಶರ್ ಟೆಸ್ಟ್ ಮಾಡಿಸ್ದೆ ಇದ್ರೆ ಇನ್ಮೇಲೆ ಸ್ನಾನಕ್ಕೆ, ಸಮುದ್ರಕ್ಕೆ ಕಟ್ಕೊಂಡು ಹೋಗೋದು ಬೇಡ ಅಂತ ತಂದೆಯವ್ರಿಗೆ ಹೇಳಿ.

ಇನ್ನೊಂದು, ಇದು ನಮ್ಮ ದೇಶದಲ್ಲಿ ವಿಶೇಷವಾಗಿ ಹೇಳ್ಬೇಕಾದ ಮಾತು. ಹೇಗೂ ಬಿಚ್ತೀವಿ, ಡಯಲ್ ಮಂಕಾಗಿದೆ, ಹೊಸದಾಗಿ ಪೇಂಟ್ ಮಾಡಿ ಫಳಫಳ ಅನ್ನಿಸ್ಕೊಡ್ತೀವಿ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ. ಕೀ ಕೊಡೋ ಹಳೇ ವಾಚ್‌ಗಳಿಗೆ ಡಯಲ್ ಪೇಂಟ್ ಮಾಡಿಸೋದು ಇಲ್ಲಿ ಮಾಮೂಲು. ಸೋಲಾರ್ ವಾಚಿಗೆ ಆ ಡಯಲ್ಲೇ ಕಿಟಕಿ. ಕಿಟಕಿಗೆ ಬಣ್ಣ ಬಳಿದ್ರೆ ಕೆಳಗಿನ ಪ್ಲೇಟಿಗೆ ಬೆಳಕೇ ಇಳಿಯಲ್ಲ, ಹೊಸ ಸೆಲ್ಲೂ ಖಾಲಿ ಬೀಳತ್ತೆ. ಗ್ಲಾಸ್ ಗೀರಾಗಿದ್ರೆ ಬದಲಾಯಿಸ್ಬಹುದು, ತೊಂದ್ರೆ ಇಲ್ಲ, ಬಣ್ಣ ಇರೋ ಗ್ಲಾಸ್ ಮಾತ್ರ ಹಾಕಿಸ್ಬೇಡಿ.

ಸೆಲ್ ಬದಲಾಯಿಸಿದ್ಮೇಲೂ ಓಡ್ಲಿಲ್ಲ ಅಂದ್ರೆ? ನಿಮ್ಮ ಲಕ್ಷಣಕ್ಕೆ ಆ ಸಾಧ್ಯತೆ ಕಮ್ಮಿ, ಆದ್ರೂ ಗೊತ್ತಿರ್ಲಿ. ಒಳ್ಳೇ ರಿಪೇರಿಯವ್ರು ಹೊರಗಿನ ಪವರ್ ಸಪ್ಲೈನಿಂದ ಒಂದೂವರೆ ವೋಲ್ಟ್ ಕೊಟ್ಟು ಮಷೀನ್ ಒಂದನ್ನೇ ಓಡಿಸಿ ನೋಡ್ತಾರೆ, ಮೀಟರ್ ಇಟ್ಟು ಕಾಯಿಲ್ ನೋಡ್ತಾರೆ, ಆಮೇಲೆ ಪ್ಲೇಟಿಗೆ ಬೆಳಕು ಬಿಟ್ಟು ವೋಲ್ಟೇಜ್ ಬರ್ತಿದೆಯಾ ಅಂತ ಅಳೀತಾರೆ. ಪ್ಲೇಟಿಂದ ಮಷೀನಿಗೆ ಕರೆಂಟ್ ತರೋ ಚಿಕ್ಕ ಸ್ಪ್ರಿಂಗ್‌ಗಳು ಕಪ್ಪಾಗಿದ್ರೆ ಒರೆಸಿದ್ರೆ ಸಾಕಾಗತ್ತೆ. ಸರ್ಕ್ಯೂಟೇ ಹೋಗಿದ್ರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಯಾವುದಾದ್ರೂ ಇ100 ವಾಚ್ ತಗೊಂಡು, ಅದರ ಕೇಸ್ ಎಷ್ಟೇ ಸವೆದಿರ್ಲಿ, ಅದರ ಮಷೀನನ್ನ ನಿಮ್ಮ ಕೇಸಿಗೆ ಹಾಕಿಸೋದು. ಮುಳ್ಳು, ಡಯಲ್ಲು, ಚೈನು ಎಲ್ಲಾ ಅಪ್ಪಂದೇ ಉಳಿಯತ್ತೆ. ಹಾಗೆ ಮಾಡಿಸ್ಕೊಂಡ ವಾಚ್‌ಗಳು ವರ್ಷಗಟ್ಟಲೆ ಓಡ್ತಿರೋದು ನಾನು ಕಂಡಿದೀನಿ.

ಬೇರೆ ಸೋಲಾರ್ ವಾಚ್ ಇಟ್ಕೊಂಡಿರೋರು ಇದನ್ನ ಓದ್ತಿದ್ರೆ ಅವ್ರಿಗೂ ಎರಡು ಮಾತು. ಸೈಕೋದಲ್ಲೂ ಮುಚ್ಚಳದ ಮೇಲಿನ ಮೊದಲ ನಾಲ್ಕು ಅಕ್ಷರ-ಅಂಕೆಯೇ ಮಷೀನ್ ನಂಬರ್, ಅವರ ಕೆಪಾಸಿಟರ್ ಪಾರ್ಟ್ ನಂಬರ್‌ಗಳು ಹೆಚ್ಚಾಗಿ 3023ರಿಂದ ಶುರು. ಕ್ಯಾಸಿಯೊದಲ್ಲಿ ಚೌಕದೊಳಗೆ ಬರ್ದಿರೋದು ಮಾಡ್ಯೂಲ್ ನಂಬರ್. ಅವರ ಟಫ್ ಸೋಲಾರ್ (ಬೆಳಕಿಂದ ಓಡೋ) ಜಿ-ಶಾಕ್ ವಾಚ್‌ಗಳಲ್ಲಿ ಹಲವದ್ರಲ್ಲಿ ಬರೋದು ಸಿಟಿಎಲ್1616 ಅನ್ನೋ 2.3 ವೋಲ್ಟಿನ ರೀಚಾರ್ಜ್ ಸೆಲ್, ಅಂಗಡಿಯವ್ರು ಅದೇ ಅಳತೆಯ ಸಿಆರ್1616 ಹಾಕ್ಬಿಡ್ತಾರೆ, ಅದು 3 ವೋಲ್ಟು, ಚಾರ್ಜ್ ಆಗೋದಲ್ಲ, ಮೇಲೆ ಹೇಳಿದ ಕಥೆನೇ ಇಲ್ಲೂ. ಕ್ಯಾಸಿಯೊಗೆ ಸೆಲ್ ಹಾಕಿದ್ಮೇಲೆ ಒಳಗೆ ಎಸಿ ಅಂತ ಬರ್ದಿರೋ ಕಾಂಟ್ಯಾಕ್ಟನ್ನೂ ಸೆಲ್ಲಿನ ಪ್ಲಸ್ ಬದಿಯನ್ನೂ ಚಿಮಟದಿಂದ ಎರಡು ಸೆಕೆಂಡ್ ಸೇರಿಸಿ ರೀಸೆಟ್ ಮಾಡ್ಬೇಕು, ಮಾಡ್ದೆ ಇದ್ರೆ ಹೊಸ ಸೆಲ್ ಹಾಕಿದ್ರೂ ಡಿಸ್‌ಪ್ಲೇ ಬರ್ದೆ ಇರಬಹುದು. ನಮ್ಮ ಟೈಟನ್ ಕೂಡ 2011ರಲ್ಲಿ ಎಚ್‌ಟಿಎಸ್‌ಇ ಅಂತ ಬೆಳಕಿನಿಂದ ಓಡೋ ಸಾಲು ತಂದಿತ್ತು, ಅವು ಇಟ್ಕೊಂಡಿರೋರಿಗೂ ನಿಯಮ ಇದೇ, ಮಾಮೂಲಿ ಸೆಲ್ ಹತ್ರ ಸೇರಿಸ್ಬೇಡಿ.

ವಾಚ್ ರಿಪೇರಿ ಆಗಿ ಕೈಗೆ ಬಂದ ದಿನ ತಕ್ಷಣ ಒಪ್ಕೊಂಡು ಬಂದ್ಬಿಡ್ಬೇಡಿ. ಹಳೇ ಸೆಲ್ ಕೇಳಿ ಇಸ್ಕೊಳ್ಳಿ, ಅದರ ಮೇಲೆ ಪಟ್ಟಿ ಇದೆಯಾ ನೋಡಿ, ಹೊಸ ಸೆಲ್ಲಿನ ಖಾಲಿ ಕವರ್ ಫೋಟೋ ತೆಗೆದಿಟ್ಕೊಳ್ಳಿ. ಹಳೇ ಸೆಲ್ಲನ್ನ ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು ಇ-ವೇಸ್ಟ್‌ಗೆ ಕೊಡಿ, ಇಂಥ ಗುಂಡಿ ಸೆಲ್ ಮಗು ನುಂಗಿದ್ರೆ ಜೀವಕ್ಕೇ ಅಪಾಯ. ಮನೆಗೆ ತಂದು ಎರಡು ಮೂರು ದಿನ ಬೆಳಕಿಗಿಟ್ಟು ಪೂರ್ತಿ ಚಾರ್ಜ್ ಮಾಡಿ. ಹೆಚ್ಚಾಯ್ತು ಅಂತ ಭಯ ಬೇಡ, ಅತಿ ಚಾರ್ಜ್ ತಡೆಯೋ ವ್ಯವಸ್ಥೆ ಸರ್ಕ್ಯೂಟಲ್ಲೇ ಇದೆ. ಆಮೇಲೆ ಒಂದು ವಾರ ಡ್ರಾಯರ್‌ನ ಕತ್ತಲಲ್ಲಿ ಇಟ್ಟು ತೆಗೀರಿ. ಒಳ್ಳೇ ಸೆಲ್ ಆದ್ರೆ ಒಂದು ವಾರ ಅದಕ್ಕೆ ಏನೂ ಅಲ್ಲ, ಮುಳ್ಳು ಒಂದೊಂದೇ ಸೆಕೆಂಡ್ ನಡೀತಿರತ್ತೆ. ವಾರದೊಳಗೇ ಎರಡೆರಡು ಹಾರೋಕೆ ಶುರು ಮಾಡಿದ್ರೆ ಸೆಲ್ ಹಳಸಿದ್ದು ಅಂತ ಅರ್ಥ, ವಾಪಸ್ ಕೊಟ್ಟು ಬದಲಾಯಿಸ್ಕೊಳ್ಳಿ.

ತಂದೆಯವ್ರಿಗೆ ಇಷ್ಟು ಹೇಳಿ. ತುಂಬು ತೋಳಿನ ಅಂಗಿ ಹಾಕಿದಾಗ ವಾಚ್ ತೋಳಿನೊಳಗೆ ಮುಚ್ಚಿಹೋದ್ರೆ ಅದಕ್ಕೆ ಬೆಳಕು ಸಿಗಲ್ಲ, ಅಂಥ ದಿನಗಳಾದ್ಮೇಲೆ ಒಂದು ಹೊತ್ತು ಕಿಟಕಿ ಹತ್ರ ಬಿಚ್ಚಿಡ್ಲಿ. ಕಟ್ಟದೇ ಇರೋ ದಿನ ಬೀರು ಬೇಡ, ಗೋಡೆಗೊಂದು ಮೊಳೆ ಹೊಡೆದು ಕ್ಯಾಲೆಂಡರ್ ಪಕ್ಕ ನೇತುಹಾಕ್ಲಿ. ಮೊದ್ಲು ಆ ಐದು ದಿನದ ಚಾರ್ಜ್ ಮಾಡಿ ನೋಡಿ, ಆರನೇ ದಿನ ಬೆಳಗ್ಗೆ ಸೆಕೆಂಡ್ ಮುಳ್ಳು ಏನು ಮಾಡ್ತಿತ್ತು ಅಂತ ನನಗೆ ಬರೀರಿ.